ಪೇಜರ್ ಕರ್ನೆಲ್‌ನ ಹೊರಗಿದ್ದರೆ ನಿಧಾನ ಆಗಲೇಬೇಕಾ?

ಪ್ರಶ್ನೆ: ನಾನು ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ. ಪ್ರಾಜೆಕ್ಟ್‌ಗೆ 64 ಬಿಟ್ ಇಂಟೆಲ್ ಯಂತ್ರದ ಮೇಲೆ ಓಡುವ ಸಣ್ಣ ಮೈಕ್ರೋಕರ್ನೆಲ್ (ತೀರಾ ಅಗತ್ಯದ ಕೆಲಸ ಮಾತ್ರ ಒಳಗಿಟ್ಟುಕೊಂಡು, ಉಳಿದದ್ದನ್ನು ಹೊರಗಿನ ಪ್ರೊಸೆಸ್‌ಗಳಿಗೆ ಬಿಡುವ ಆಪರೇಟಿಂಗ್ ಸಿಸ್ಟಂ ತಿರುಳು) ಬರೆಯುತ್ತಿದ್ದೇನೆ. ಪ್ರೋಗ್ರಾಂಗಳಿಗೆ ಮೆಮೊರಿ ಪೇಜ್ ಹಂಚುವ ಪೇಜರ್ ಬೇರೆ ಪ್ರೊಸೆಸ್ ಆಗಿ ಯೂಸರ್ ಮೋಡ್‌ನಲ್ಲಿ ಇದೆ. 1 ಜಿಬಿ ಮೆಮೊರಿ ತೆಗೆದುಕೊಂಡು ಪ್ರತಿ ಪೇಜಿಗೆ ಒಂದು ಬೈಟ್ ಬರೆಯುವ ಟೆಸ್ಟ್ ಓಡಿಸಿದರೆ ಲಿನಕ್ಸ್‌ಗಿಂತ ಹತ್ತಾರು ಪಟ್ಟು ನಿಧಾನ. ಪೇಜರನ್ನು ಕರ್ನೆಲ್ ಒಳಗೇ ಹಾಕಿಬಿಡು ಎಂದು ಗೈಡ್ ಹೇಳುತ್ತಿದ್ದಾರೆ. ಹಾಗೆ ಮಾಡಿದರೆ ಅದನ್ನು ಮೈಕ್ರೋಕರ್ನೆಲ್ ಎನ್ನಬಹುದಾ? ಸ್ವಾಪ್ (ಮೆಮೊರಿ ಸಾಲದಾದಾಗ ಪೇಜ್‌ಗಳನ್ನು ಡಿಸ್ಕ್‌ಗೆ ಸರಿಸುವುದು) ಕೂಡ ಸೇರಿಸಬೇಕಾ?

ಉತ್ತರ: ಈಗಲೇ ಒಳಗೆ ಹಾಕಬೇಡಿ. ಒಂದು ಪೇಜ್ ಫಾಲ್ಟ್‌ನ (ಇನ್ನೂ ಮ್ಯಾಪ್ ಆಗದ ಪೇಜನ್ನು ಪ್ರೋಗ್ರಾಂ ಮುಟ್ಟಿದಾಗ ಪ್ರೊಸೆಸರ್ ಕರ್ನೆಲನ್ನು ಕರೆಯುವುದು) ಸಮಯ ಎಲ್ಲೆಲ್ಲಿ ಹೋಗುತ್ತಿದೆ ಎಂದು ಮೊದಲು ಅಳೆಯಿರಿ. ನೀವು ಬರೆದದ್ದನ್ನು ಓದಿದರೆ, ಪೇಜರ್ ಹೊರಗಿದೆ ಅನ್ನುವುದಕ್ಕಿಂತ ಅದರ ಬಾಗಿಲು ತೀರಾ ಜಾಸ್ತಿ ಸಲ ತಟ್ಟುತ್ತಿದ್ದೀರಿ ಅನಿಸುತ್ತದೆ. ಸ್ವಾಪ್ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಲೆಕ್ಕ ಹಾಕೋಣ. 4 ಕೆಬಿ ಪೇಜ್ ಆದರೆ 1 ಜಿಬಿಗೆ 2,62,144 ಫಾಲ್ಟ್. ಲಿನಕ್ಸ್‌ಗಿಂತ ಒಂದು ಫಾಲ್ಟಿಗೆ 1 ಮೈಕ್ರೋಸೆಕೆಂಡ್ ಜಾಸ್ತಿ ಹಿಡಿದರೆ ಒಟ್ಟು ಕಾಲು ಸೆಕೆಂಡ್ ಹೆಚ್ಚು, ಅಷ್ಟೇ. 20 ಮೈಕ್ರೋಸೆಕೆಂಡ್ ಜಾಸ್ತಿ ಆದರೆ ಐದು ಸೆಕೆಂಡ್ ದಾಟುತ್ತದೆ. ಈ ಎರಡರಲ್ಲಿ ನೀವು ಎಲ್ಲಿದ್ದೀರಿ ಅನ್ನುವುದೇ ಮುಖ್ಯ. ಮೊದಲನೆಯದಾದರೆ ಅದು ವಿನ್ಯಾಸಕ್ಕೆ ಕೊಡುವ ಬೆಲೆ. ಎರಡನೆಯದಾದರೆ ಕೋಡ್‌ನಲ್ಲಿ ಎಲ್ಲೋ ಎಡವಟ್ಟಾಗಿದೆ. ವಿನ್ಯಾಸದ ಮೇಲೆ ಗೂಬೆ ಕೂರಿಸಬೇಡಿ.

ಅಳೆಯುವ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ನಿಮ್ಮ ಕರ್ನೆಲ್ ಕ್ಯೂಎಮು ಎಂಬ ಎಮ್ಯುಲೇಟರ್ ಒಳಗೆ ಓಡುತ್ತಿದ್ದು, ಅಸಲಿ ಪ್ರೊಸೆಸರ್ ಮೇಲೆ ನೇರ ಓಡಿಸುವ ಕೆವಿಎಂ ಹಾಕಿಲ್ಲ ಎಂದರೆ ಬರುವ ಅಂಕಿಗಳಿಗೆ ಬೆಲೆಯೇ ಇಲ್ಲ. ಆಗ ಕ್ಯೂಎಮು ಪ್ರತಿ ಇನ್‌ಸ್ಟ್ರಕ್ಷನ್ನನ್ನೂ ಅನುವಾದ ಮಾಡಿ ಓಡಿಸುತ್ತದೆ. ಪೇಜ್ ಟೇಬಲ್ (ಯಾವ ವಿಳಾಸ ಮೆಮೊರಿಯಲ್ಲಿ ಎಲ್ಲಿದೆ ಎಂಬ ಪಟ್ಟಿ) ಬದಲಾವಣೆ, ಆ ಪಟ್ಟಿಯ ನಮೂದುಗಳನ್ನು ಪ್ರೊಸೆಸರ್ ನೆನಪಿಟ್ಟುಕೊಳ್ಳುವ ಟಿಎಲ್‌ಬಿ ಖಾಲಿ ಮಾಡುವುದು ಇಂಥವೆಲ್ಲ ಅಸಲಿ ಪ್ರೊಸೆಸರ್‌ಗಿಂತ ಬೇರೆಯೇ ದರದಲ್ಲಿ ಬೀಳುತ್ತವೆ. ಎರಡನೆಯದು, ಹೋಲಿಕೆಗೆ ಹಿಡಿದ ಲಿನಕ್ಸ್‌ನಲ್ಲಿ ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್ ಸೆಟ್ಟಿಂಗ್ ಏನಿದೆ ನೋಡಿ. ಅದು 'ಆಲ್ವೇಸ್' ಎಂದಿದ್ದರೆ ಲಿನಕ್ಸ್ ಒಂದು ಫಾಲ್ಟಿಗೆ 2 ಎಂಬಿ ಪೇಜನ್ನೇ ಕೊಟ್ಟುಬಿಡುತ್ತದೆ. ಅಲ್ಲಿಗೆ 1 ಜಿಬಿಗೆ 512 ಫಾಲ್ಟ್ ಸಾಕು. ನೀವು ಎರಡೂವರೆ ಲಕ್ಷಕ್ಕೂ ಹೆಚ್ಚು ಫಾಲ್ಟನ್ನು 512 ಫಾಲ್ಟ್ ಜೊತೆ ಹೋಲಿಸಿ, ಮೈಕ್ರೋಕರ್ನೆಲ್ ನಿಧಾನ ಅಂತ ಬೇಜಾರು ಮಾಡಿಕೊಂಡಿರಬಹುದು. ಅದನ್ನು 'ನೆವರ್' ಮಾಡಿ ಮತ್ತೆ ಓಡಿಸಿ.

ಈಗ ಒಂದೇ ಒಂದು ಫಾಲ್ಟನ್ನು ಹತ್ತಿರದಿಂದ ನೋಡೋಣ. ಪ್ರೋಗ್ರಾಂ ಇನ್ನೂ ಮ್ಯಾಪ್ ಆಗದ ವಿಳಾಸಕ್ಕೆ ಬರೆಯಲು ಹೋಗುತ್ತದೆ. ಪ್ರೊಸೆಸರ್ 14ನೇ ಎಕ್ಸೆಪ್ಷನ್ ಎಬ್ಬಿಸುತ್ತದೆ. ವಿಳಾಸ ಸಿಆರ್2 ರಿಜಿಸ್ಟರ್‌ನಲ್ಲಿ ಕೂರುತ್ತದೆ. ಓದಲು ಹೋಗಿದ್ದಾ ಬರೆಯಲು ಹೋಗಿದ್ದಾ, ಪೇಜ್ ಇರಲೇ ಇಲ್ಲವಾ ಅಥವಾ ಅನುಮತಿ ಇರಲಿಲ್ಲವಾ ಅನ್ನುವುದು ಎರರ್ ಕೋಡ್ ಆಗಿ ಸ್ಟಾಕ್ ಮೇಲೆ ಬರುತ್ತದೆ. ಕರ್ನೆಲ್ ಇದನ್ನೆಲ್ಲ ಸೇರಿಸಿ ಒಂದು ಪುಟ್ಟ ಸಂದೇಶ ಮಾಡಿ, ಫಾಲ್ಟ್ ಆದ ಥ್ರೆಡ್ಡೇ ಕಳಿಸಿತೇನೋ ಎಂಬಂತೆ ಪೇಜರ್‌ಗೆ ಕೊಡುತ್ತದೆ. ಥ್ರೆಡ್ ಉತ್ತರಕ್ಕಾಗಿ ಕಾಯುತ್ತಾ ನಿಲ್ಲುತ್ತದೆ. ಪೇಜರ್ ತನ್ನ ಪಟ್ಟಿ ನೋಡಿ, ಈ ವಿಳಾಸ ಯಾವ ಭಾಗಕ್ಕೆ ಸೇರಿದ್ದು ಎಂದು ತಿಳಿದು, ಒಂದು ಖಾಲಿ ಫ್ರೇಮ್ (ಒಂದು ಪೇಜ್ ಹಿಡಿಯುವ ಅಸಲಿ ಮೆಮೊರಿಯ ತುಂಡು) ಹುಡುಕಿ, ಮ್ಯಾಪ್ ಮಾಡು ಎಂದು ಕರ್ನೆಲ್‌ಗೆ ಹೇಳುತ್ತದೆ. ಆಮೇಲೆ ಉತ್ತರ ಕಳಿಸಿ ಮುಂದಿನ ಸಂದೇಶಕ್ಕೆ ಕಾಯುತ್ತದೆ. ಕಾಯುತ್ತಿದ್ದ ಥ್ರೆಡ್ ಎದ್ದು ಅದೇ ಇನ್‌ಸ್ಟ್ರಕ್ಷನ್ನನ್ನು ಮತ್ತೆ ಓಡಿಸುತ್ತದೆ.

ಎಣಿಸಿ ನೋಡಿ. ಕರ್ನೆಲ್ ಒಳಗೆ ಮೂರು ಸಲ ಹೋದೆವು: ಫಾಲ್ಟ್, ಮ್ಯಾಪ್, ಉತ್ತರ. ಅಡ್ರೆಸ್ ಸ್ಪೇಸ್, ಅಂದರೆ ಒಂದು ಪ್ರೊಸೆಸ್ ಕಾಣುವ ಮೆಮೊರಿಯ ನಕ್ಷೆ, ಎರಡು ಸಲ ಬದಲಾಯಿತು. ಲಿನಕ್ಸ್‌ನಂಥ ಕರ್ನೆಲ್‌ನಲ್ಲಿ ಒಂದೇ ಸಲ ಒಳಗೆ ಹೋದರೆ ಮುಗಿಯಿತು, ಅಡ್ರೆಸ್ ಸ್ಪೇಸ್ ಬದಲಾಗುವ ಮಾತೇ ಇಲ್ಲ. ಈ ವ್ಯತ್ಯಾಸವನ್ನು ಯಾವ ಜಾಣತನದಿಂದಲೂ ಸೊನ್ನೆ ಮಾಡಲು ಆಗುವುದಿಲ್ಲ. ಆದರೆ ಚೆನ್ನಾಗಿ ಬರೆದ ಮೈಕ್ರೋಕರ್ನೆಲ್‌ನಲ್ಲಿ ಅದರ ಬೆಲೆ ಮೈಕ್ರೋಸೆಕೆಂಡ್ ಆಸುಪಾಸಿನಲ್ಲಿ ಇರುತ್ತದೆ. ಹತ್ತಾರು ಪಟ್ಟು ನಿಧಾನ ಆಗಬೇಕಾದರೆ ಬೇರೆ ಕಾರಣ ಇರಬೇಕು.

ನಾಲ್ಕು ಕಡೆ ಪ್ರೊಸೆಸರ್‌ನ ಸಮಯದ ಎಣಿಕೆ ಓದುವ ಆರ್‌ಡಿಟಿಎಸ್‌ಸಿ ಇನ್‌ಸ್ಟ್ರಕ್ಷನ್ ಹಾಕಿ ಸಮಯ ಬರೆದಿಟ್ಟುಕೊಳ್ಳಿ: ಫಾಲ್ಟ್ ಹ್ಯಾಂಡ್ಲರ್ ಶುರುವಾದಾಗ, ಪೇಜರ್ ಎದ್ದಾಗ, ಪೇಜರ್ ಉತ್ತರ ಕಳಿಸುವ ಮುಂಚೆ, ಥ್ರೆಡ್‌ಗೆ ವಾಪಸ್ ಹೋಗುವಾಗ. ವಿದ್ಯಾರ್ಥಿಗಳ ಕರ್ನೆಲ್‌ಗಳಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುವ ಕಳ್ಳರು ಮೂವರು.

ಮೊದಲನೆಯವನು ಶೆಡ್ಯೂಲರ್. ಸಂದೇಶ ಬಂದ ಕೂಡಲೇ ಪೇಜರನ್ನು ರೆಡಿ ಕ್ಯೂ ಕೊನೆಗೆ ಸೇರಿಸಿ, ಸರದಿ ಬಂದಾಗ ಓಡಲಿ ಎಂದು ಬಿಟ್ಟಿದ್ದೀರಾ? ಕ್ಯೂನಲ್ಲಿ ಇನ್ನೊಂದು ಥ್ರೆಡ್ ಇದ್ದರೆ ಪ್ರತಿ ಫಾಲ್ಟೂ ಅದರ ಟೈಮ್ ಸ್ಲೈಸ್ ಮುಗಿಯುವವರೆಗೆ ಕಾಯುತ್ತದೆ. ಕಳಿಸಿದವನು ಹೇಗೂ ನಿಂತಿದ್ದಾನೆ, ಪಡೆಯುವವನು ಕಾಯುತ್ತಿದ್ದಾನೆ. ಶೆಡ್ಯೂಲರನ್ನು ಕೇಳದೆ ನೇರವಾಗಿ ಪೇಜರ್‌ಗೆ ಹಾರಿಬಿಡಿ. ಉತ್ತರ ಬಂದಾಗಲೂ ಹಾಗೇ.

ಎರಡನೆಯವನು ಟಿಎಲ್‌ಬಿ. ಮ್ಯಾಪ್ ಮಾಡಿದ ಮೇಲೆ ಸುರಕ್ಷತೆಗೆ ಇರಲಿ ಎಂದು ಸಿಆರ್3 (ಪೇಜ್ ಟೇಬಲ್ ಎಲ್ಲಿದೆ ಎಂದು ಹೇಳುವ ರಿಜಿಸ್ಟರ್) ಮತ್ತೆ ಲೋಡ್ ಮಾಡಿ ಟಿಎಲ್‌ಬಿ ಖಾಲಿ ಮಾಡುವ ಅಭ್ಯಾಸ ಬಹಳ ಜನಕ್ಕಿದೆ. ಇಂಟೆಲ್ ಪ್ರೊಸೆಸರ್‌ಗಳು 'ಇಲ್ಲ' ಎಂದು ಗುರುತಾದ ಪೇಜನ್ನು ಟಿಎಲ್‌ಬಿಯಲ್ಲಿ ಇಟ್ಟುಕೊಳ್ಳುವುದೇ ಇಲ್ಲ. 'ಇಲ್ಲ'ದಿಂದ 'ಇದೆ'ಗೆ ಬದಲಾಯಿಸುವಾಗ ಏನನ್ನೂ ಖಾಲಿ ಮಾಡಬೇಕಿಲ್ಲ. ಇದ್ದದ್ದನ್ನು ತೆಗೆಯುವಾಗ ಅಥವಾ ಅನುಮತಿ ಕಡಿಮೆ ಮಾಡುವಾಗ ಮಾತ್ರ ಬೇಕು. ಜೊತೆಗೆ ಪಿಸಿಐಡಿ (ಟಿಎಲ್‌ಬಿಯ ನಮೂದು ಯಾವ ಅಡ್ರೆಸ್ ಸ್ಪೇಸ್‌ನದು ಎಂಬ ಗುರುತು) ಬಳಸುತ್ತಿದ್ದೀರಾ ನೋಡಿ. ಅದಿಲ್ಲದೆ ಅಡ್ರೆಸ್ ಸ್ಪೇಸ್ ಬದಲಾದಾಗಲೆಲ್ಲ ಟಿಎಲ್‌ಬಿಯಲ್ಲಿರುವ ಗ್ಲೋಬಲ್ ಅಲ್ಲದ ನಮೂದುಗಳೆಲ್ಲ ಹೋಗುತ್ತವೆ. ನಿಮ್ಮ ಪ್ರತಿ ಫಾಲ್ಟಿಗೂ ಅದು ಎರಡು ಸಲ ಆಗುತ್ತಿದೆ.

ಮೂರನೆಯವನೇ ಇವರಲ್ಲಿ ದೊಡ್ಡ ಕಳ್ಳ, ಮತ್ತು ಬೇಗ ಕಣ್ಣಿಗೆ ಬೀಳುವುದಿಲ್ಲ. ಹೊಸ ಫ್ರೇಮ್ ಕೊಡುವ ಮುಂಚೆ ಅದನ್ನು ಸೊನ್ನೆಯಿಂದ ತುಂಬಿಸಬೇಕು, ಇಲ್ಲದಿದ್ದರೆ ಹಳೇ ಪ್ರೊಸೆಸ್‌ನ ಗುಟ್ಟು ಹೊಸಬನಿಗೆ ಸಿಗುತ್ತದೆ. ಪೇಜರ್ ಯೂಸರ್ ಮೋಡ್‌ನಲ್ಲಿ ಇರುವುದರಿಂದ ಫ್ರೇಮನ್ನು ಮೊದಲು ತನ್ನ ಅಡ್ರೆಸ್ ಸ್ಪೇಸ್‌ಗೆ ಮ್ಯಾಪ್ ಮಾಡಿಕೊಳ್ಳಬೇಕು, ಸೊನ್ನೆ ತುಂಬಬೇಕು, ಆಮೇಲೆ ಅನ್‌ಮ್ಯಾಪ್ ಮಾಡಬೇಕು. ಅಂದರೆ ಇನ್ನೂ ಎರಡು ಸಿಸ್ಟಂ ಕಾಲ್. ಅನ್‌ಮ್ಯಾಪ್ ಮಾಡಿದಾಗ ಟಿಎಲ್‌ಬಿ ಖಾಲಿ ಮಾಡಲೇಬೇಕು. ಯಂತ್ರದಲ್ಲಿ ನಾಲ್ಕು ಕೋರ್ ಇದ್ದು, ಪೇಜರ್‌ನ ಥ್ರೆಡ್‌ಗಳು ಅವುಗಳ ಮೇಲೆಲ್ಲ ಓಡುತ್ತಿದ್ದರೆ ಉಳಿದ ಮೂರಕ್ಕೂ ಇಂಟರಪ್ಟ್ ಕಳಿಸಿ ಉತ್ತರಕ್ಕೆ ಕಾಯಬೇಕು. ಒಂದು ಬೈಟ್ ಬರೆಯಲು ಇಷ್ಟೆಲ್ಲ ರಾಮಾಯಣ. ಪರಿಹಾರ ಸುಲಭ. ಪೇಜರ್ ಕೈಯಲ್ಲಿರುವ ಫಿಸಿಕಲ್ ಮೆಮೊರಿಯನ್ನೆಲ್ಲ ಬೂಟ್ ಆಗುವಾಗಲೇ ದೊಡ್ಡ ಪೇಜ್‌ಗಳಲ್ಲಿ ಅದರ ಅಡ್ರೆಸ್ ಸ್ಪೇಸ್‌ಗೆ ಶಾಶ್ವತವಾಗಿ ಮ್ಯಾಪ್ ಮಾಡಿಟ್ಟುಬಿಡಿ. ಇಲ್ಲವೇ ಸೊನ್ನೆ ತುಂಬುವ ಕೆಲಸ ಕರ್ನೆಲ್‌ಗೆ ಕೊಡಿ. ಎಸ್‌ಇಎಲ್4 ಎಂಬ ಮೈಕ್ರೋಕರ್ನೆಲ್‌ನಲ್ಲಿ ಖಾಲಿ ಮೆಮೊರಿಯನ್ನು ಫ್ರೇಮ್ ಆಗಿ ಪರಿವರ್ತಿಸುವಾಗ ಕರ್ನೆಲ್ಲೇ ಅದನ್ನು ತೊಳೆದು ಕೊಡುತ್ತದೆ.

ನಿಮ್ಮ ಗೈಡ್ ಹೇಳಿದ್ದು ಸುಮ್ನೆ ಹುಟ್ಟಿದ ಮಾತಲ್ಲ. 1980ರ ದಶಕದಲ್ಲಿ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದಲ್ಲಿ ಬಂದ ಮ್ಯಾಕ್ (Mach) ಕರ್ನೆಲ್ಲೇ ಹೊರಗಿನ ಪೇಜರ್ ಅನ್ನುವ ಕಲ್ಪನೆಯನ್ನು ಜನಪ್ರಿಯ ಮಾಡಿದ್ದು. ಅದರ ಸಂದೇಶ ವ್ಯವಸ್ಥೆ ಭಾರವಾಗಿತ್ತು. 1993ರಲ್ಲಿ ಯೋಖೆನ್ ಲೀಡ್ಕೆ 50 ಮೆಗಾಹರ್ಟ್ಸ್‌ನ 486 ಯಂತ್ರದ ಮೇಲೆ ಅಳೆದು ತೋರಿಸಿದರು: 8 ಬೈಟ್ ಸಂದೇಶಕ್ಕೆ ಮ್ಯಾಕ್‌ನಲ್ಲಿ 115 ಮೈಕ್ರೋಸೆಕೆಂಡ್, ಅವರದೇ ಮೈಕ್ರೋಕರ್ನೆಲ್ ಎಲ್3ನಲ್ಲಿ ಸುಮಾರು 5. ಅದೇ ಹಾರ್ಡ್‌ವೇರ್, ಅದೇ ಕೆಲಸ, ಇಪ್ಪತ್ತು ಪಟ್ಟಿಗೂ ಮೀರಿದ ವ್ಯತ್ಯಾಸ. ಸಂದೇಶವನ್ನು ರಿಜಿಸ್ಟರ್‌ಗಳಲ್ಲೇ ಸಾಗಿಸುವುದು, ಶೆಡ್ಯೂಲರನ್ನು ಬಿಟ್ಟು ನೇರ ಹಾರುವುದು, ಕೋಡ್ ಕ್ಯಾಶ್‌ನಲ್ಲಿ ಹಿಡಿಯುವಷ್ಟು ಚಿಕ್ಕದಾಗಿರುವುದು, ಇಂಥ ಹತ್ತಾರು ಸಣ್ಣ ಸಣ್ಣ ಕೆಲಸ ಸೇರಿ ಬಂದ ಫಲ ಅದು.

1997ರಲ್ಲಿ ಲೀಡ್ಕೆಯವರೂ ಇದ್ದ ತಂಡದವರು, ಎಲ್3 ಆದ ಮೇಲೆ ಬಂದ ಎಲ್4 ಮೇಲೆ ಲಿನಕ್ಸನ್ನು ಕೂರಿಸಿ ಇನ್ನೊಂದು ಅಳತೆ ಮಾಡಿದರು. 133 ಮೆಗಾಹರ್ಟ್ಸ್ ಪೆಂಟಿಯಂ ಯಂತ್ರದಲ್ಲಿ ಗೆಟ್‌ಪಿಡ್ ಅನ್ನುವ ಅತಿ ಚಿಕ್ಕ ಸಿಸ್ಟಂ ಕಾಲ್‌ಗೆ ಮಾಮೂಲಿ ಲಿನಕ್ಸ್‌ನಲ್ಲಿ 1.68 ಮೈಕ್ರೋಸೆಕೆಂಡ್, ಎಲ್4 ಮೇಲಿನ ಲಿನಕ್ಸ್‌ನಲ್ಲಿ 3.95. ಮ್ಯಾಕ್ ಮೇಲೆ ಯೂಸರ್ ಮೋಡ್‌ನಲ್ಲಿ ಓಡುವ ಲಿನಕ್ಸ್‌ನಲ್ಲಿ 110ಕ್ಕೂ ಜಾಸ್ತಿ. ಆ ಲಿನಕ್ಸನ್ನು ಮ್ಯಾಕ್ ಕರ್ನೆಲ್‌ನ ಒಳಗೇ ತಂದು ಕೂರಿಸಿದಾಗಲೂ 15 ದಾಟಿತ್ತು. ಈ ಕೊನೆಯ ಅಂಕಿಯನ್ನು ನಿಮ್ಮ ಗೈಡ್‌ಗೆ ತೋರಿಸಿ. ಒಳಗೆ ತಂದರೂ ಮ್ಯಾಕ್, ಹೊರಗಿದ್ದ ಎಲ್4ನ ವೇಗಕ್ಕೆ ಬರಲಿಲ್ಲ.

ಆದರೆ ವಾದಕ್ಕೆ ಇನ್ನೊಂದು ಮಗ್ಗುಲೂ ಇದೆ. ಮ್ಯಾಕ್ ಕೂಡ ಪ್ರತಿ ಫಾಲ್ಟಿಗೂ ಹೊರಗಿನ ಪೇಜರನ್ನು ಕರೆಯುತ್ತಿರಲಿಲ್ಲ. ಹೊಸದಾಗಿ ಕೇಳಿದ ಖಾಲಿ ಮೆಮೊರಿಗೆ ಕರ್ನೆಲ್ಲೇ ಸೊನ್ನೆ ಪೇಜ್ ಕೊಟ್ಟು ಕಳಿಸುತ್ತಿತ್ತು. ಅದನ್ನು ಡಿಸ್ಕ್‌ಗೆ ಹಾಕುವ ಪ್ರಸಂಗ ಬಂದಾಗಷ್ಟೇ ಪೇಜರ್ ನೆನಪಾಗುತ್ತಿತ್ತು. ಗೂಗಲ್‌ನ ಫ್ಯೂಶಾ ಆಪರೇಟಿಂಗ್ ಸಿಸ್ಟಂನಲ್ಲಿರುವ ಜಿರ್ಕಾನ್ ಕರ್ನೆಲ್ ಮಾಡುವುದೂ ಅದನ್ನೇ: ಬರೀ ಮೆಮೊರಿ ಬೇಕಾದರೆ ಕರ್ನೆಲ್ ನೋಡಿಕೊಳ್ಳುತ್ತದೆ. ಫೈಲ್‌ನಿಂದ ತುಂಬಬೇಕಾದ ಪೇಜ್‌ಗೆ ಮಾತ್ರ ಯೂಸರ್ ಮೋಡ್‌ನ ಪೇಜರ್‌ಗೆ ಕೋರಿಕೆ ಹೋಗುತ್ತದೆ. ಕ್ಯೂಎನ್‌ಎಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಇನ್ನೂ ಮುಂದೆ ಹೋಗಿ, ಕರ್ನೆಲ್ ಮತ್ತು ಮೆಮೊರಿ ನೋಡಿಕೊಳ್ಳುವ ಪ್ರೊಸೆಸ್ ಮ್ಯಾನೇಜರ್ ಎರಡನ್ನೂ ಪ್ರೊಕ್‌ಎನ್‌ಟಿಓ ಎಂಬ ಒಂದೇ ಬೈನರಿಯಲ್ಲಿ ಇಟ್ಟಿದೆ. ಅದನ್ನು ಮೈಕ್ರೋಕರ್ನೆಲ್ ಅಲ್ಲ ಎಂದು ಯಾರೂ ಜಗಳಕ್ಕೆ ಹೋಗುವುದಿಲ್ಲ. ಹಾಗಾಗಿ ಹೆಸರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಫಾಲ್ಟ್‌ಗಳು ಎಲ್ಲ ಒಂದೇ ಥರ ಅಲ್ಲ. ಡಿಸ್ಕ್‌ನಿಂದ ಓದಿ ತರಬೇಕಾದ ಫಾಲ್ಟಿನಲ್ಲಿ ಐಪಿಸಿ (ಪ್ರೊಸೆಸ್‌ಗಳ ನಡುವೆ ಸಂದೇಶ ಸಾಗಿಸುವುದು) ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ತಿರುಗುವ ಹಾರ್ಡ್ ಡಿಸ್ಕ್ ಹಲವು ಮಿಲಿಸೆಕೆಂಡ್ ತಿನ್ನುತ್ತದೆ. ಒಳ್ಳೆಯ ಎನ್‌ವಿಎಂಇ ಎಸ್‌ಎಸ್‌ಡಿ ಕೂಡ ಸಾಮಾನ್ಯವಾಗಿ ಹತ್ತಾರು ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಅದರ ಮೇಲೆ ಒಂದೆರಡು ಮೈಕ್ರೋಸೆಕೆಂಡ್ ಸೇರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಸೊನ್ನೆ ಪೇಜ್ ಕೊಡುವುದು, ಫೋರ್ಕ್ (ಒಂದು ಪ್ರೊಸೆಸ್‌ನ ಪ್ರತಿ ಹುಟ್ಟಿಸುವುದು) ಆದ ಮೇಲೆ ಬರೆಯುವಾಗ ನಕಲು ಮಾಡುವುದು, ಮೆಮೊರಿಯಲ್ಲೇ ಇರುವ ಫೈಲ್ ಪೇಜನ್ನು ಮ್ಯಾಪ್ ಮಾಡುವುದು, ಇವು ಬೇರೆ. ಅಲ್ಲಿ ಅಸಲಿ ಕೆಲಸ ಒಂದು ಮೈಕ್ರೋಸೆಕೆಂಡಿಗಿಂತ ಕಡಿಮೆ. ಹೋಗಿಬರುವ ಖರ್ಚೇ ಕೆಲಸಕ್ಕಿಂತ ದೊಡ್ಡದಾಗುತ್ತದೆ. ನಿಮ್ಮ ಟೆಸ್ಟ್‌ನಲ್ಲಿ ಇರುವುದು ಪೂರ್ತಿ ಈ ಜಾತಿಯ ಫಾಲ್ಟ್‌ಗಳು. ಮೈಕ್ರೋಕರ್ನೆಲ್‌ಗೆ ಇದಕ್ಕಿಂತ ಕೆಟ್ಟ ಪರೀಕ್ಷೆ ಹುಡುಕಿದರೂ ಸಿಗದು.

ಹಾಗಾದರೆ ಏನು ಮಾಡಬೇಕು? ಒಂದೊಂದೇ ಬೆಂಕಿಕಡ್ಡಿಗೆ ಅಂಗಡಿಗೆ ಓಡುವುದನ್ನು ಬಿಟ್ಟು ಪೊಟ್ಟಣ ತನ್ನಿ. ಒಂದು ಫಾಲ್ಟ್ ಬಂದಾಗ ಪೇಜರ್ ಅಕ್ಕಪಕ್ಕದ 16 ಪೇಜ್‌ಗಳನ್ನೂ ಮ್ಯಾಪ್ ಮಾಡಿಬಿಡಲಿ. 64 ಕೆಬಿ ಆಯಿತು. ಫಾಲ್ಟ್‌ಗಳ ಸಂಖ್ಯೆ 2,62,144ರಿಂದ 16,384ಕ್ಕೆ ಇಳಿಯುತ್ತದೆ. ಲಿನಕ್ಸ್ ಕೂಡ ಫೈಲ್ ಪೇಜ್‌ಗಳನ್ನು ಓದುವಾಗ ಇದೇ ಕೆಲಸ ಮಾಡುತ್ತದೆ, ಅದರ ಡಿಫಾಲ್ಟ್ ಅಳತೆಯೂ 64 ಕೆಬಿ. ಕರ್ನೆಲ್ ಒಳಗೇ ಇರುವವರೇ ಇಷ್ಟು ಉಳಿತಾಯ ಮಾಡುವಾಗ ಹೊರಗಿರುವ ನಾವು ಮಾಡದಿದ್ದರೆ ಹೇಗೆ, ಅಲ್ವಾ? ಒಂದು ಷರತ್ತು: 16 ಪೇಜಿಗೆ 16 ಸಿಸ್ಟಂ ಕಾಲ್ ಮಾಡಿದರೆ ಅರ್ಧ ಲಾಭ ಅಲ್ಲೇ ಸೋರಿಹೋಗುತ್ತದೆ. ಒಂದೇ ಕಾಲ್‌ನಲ್ಲಿ ಒಂದು ಸಾಲು ಪೇಜ್ ಮ್ಯಾಪ್ ಆಗುವಂತೆ ಇಂಟರ್‌ಫೇಸ್ ಕೊಡಿ. ಎಲ್4ನಲ್ಲಿ ಎರಡರ ಘಾತದ ಯಾವ ಗಾತ್ರವನ್ನಾದರೂ ಒಂದೇ ತುಂಡಾಗಿ ಕೊಡಬಹುದು, ಅದೂ ಉತ್ತರದ ಸಂದೇಶದ ಜೊತೆಗೇ. ಹಾಗಾಗಿ ಅಲ್ಲಿ ಬೇರೆ ಮ್ಯಾಪ್ ಕಾಲ್ ಇಲ್ಲ. ಮೂರು ಪ್ರವೇಶ ಎರಡಕ್ಕೆ ಇಳಿಯುತ್ತದೆ.

ಕೇಳಿದ ಭಾಗ ದೊಡ್ಡದಿದ್ದು, ವಿಳಾಸ 2 ಎಂಬಿ ಗಡಿಗೆ ಸರಿಯಾಗಿ ಕೂತಿದ್ದರೆ ದೊಡ್ಡ ಪೇಜನ್ನೇ ಕೊಡಿ. ಇಲ್ಲಿ ಮಾತ್ರ ಲೋಭ ಬೇಡ. ನಾಲ್ಕೇ ಪೇಜ್ ಮುಟ್ಟುವ ಪ್ರೋಗ್ರಾಂಗೆ 2 ಎಂಬಿ ಕೊಟ್ಟರೆ ಮೆಮೊರಿಯೂ ದಂಡ, ಅಷ್ಟಕ್ಕೆಲ್ಲ ಸೊನ್ನೆ ತುಂಬುವ ಸಮಯವೂ ದಂಡ. ಫಾಲ್ಟ್‌ಗಳು ಸಾಲಾಗಿ ಬರುತ್ತಿದ್ದರೆ ಅಳತೆ ದೊಡ್ಡದು ಮಾಡುತ್ತಾ ಹೋಗುವುದು, ಚೆಲ್ಲಾಪಿಲ್ಲಿಯಾಗಿ ಬಂದರೆ ಚಿಕ್ಕದಾಗಿಯೇ ಇಡುವುದು ಒಳ್ಳೆಯ ದಾರಿ. ಇಂಥ ನೀತಿಯನ್ನು ಬದಲಾಯಿಸಿ ಬದಲಾಯಿಸಿ ನೋಡಲು ಪೇಜರ್ ಹೊರಗಿರುವುದೇ ಅನುಕೂಲ. ಪೇಜರ್ ಕ್ರ್ಯಾಶ್ ಆದರೆ ಅದನ್ನು ಡಿಬಗರ್‌ನಲ್ಲಿ ಹಿಡಿದು ನೋಡಬಹುದು. ಕರ್ನೆಲ್ ಕ್ರ್ಯಾಶ್ ಆದರೆ ರೀಬೂಟ್ ಮಾಡುತ್ತಾ ಕೂರಬೇಕು.

ಇಷ್ಟಾದರೂ ಸಾಲದಿದ್ದರೆ, ಸೊನ್ನೆ ಪೇಜ್ ಕೊಡುವ ಕೆಲಸವೊಂದನ್ನೇ ಕರ್ನೆಲ್‌ಗೆ ಬಿಡಿ. ಪೇಜರ್ ಮೊದಲೇ 'ಈ ಭಾಗಕ್ಕೆ ಈ ಫ್ರೇಮ್‌ಗಳಲ್ಲಿ ಬೇಕಾದಷ್ಟು ಬಳಸಿಕೋ' ಎಂದು ಕೊಟ್ಟಿರಲಿ, ಮುಗಿದಾಗ ಕರ್ನೆಲ್ ಮತ್ತೆ ಕೇಳಲಿ. ಎಷ್ಟು ಕೊಡಬೇಕು, ಯಾರಿಗೆ ಕೊಡಬೇಕು ಅನ್ನುವ ತೀರ್ಮಾನ ಪೇಜರ್‌ನಲ್ಲೇ ಉಳಿಯುತ್ತದೆ.

ಇನ್ನು ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಹೊರಗಿನ ಪೇಜರ್ ಬರೆದವರ ನಿದ್ದೆ ಕೆಡಿಸುವುದು ವೇಗಕ್ಕಿಂತ ಹೆಚ್ಚಾಗಿ ಡೆಡ್‌ಲಾಕ್. ಪೇಜರ್‌ಗೇ ಪೇಜ್ ಫಾಲ್ಟ್ ಆದರೆ ಯಾರು ನೋಡಬೇಕು? ಅದರ ಸ್ಟಾಕ್ ಇನ್ನೊಂದು ಪೇಜಿಗೆ ಇಳಿದು, ಅದು ಮ್ಯಾಪ್ ಆಗಿಲ್ಲದಿದ್ದರೆ ಪೇಜರ್ ತನಗೇ ಸಂದೇಶ ಕಳಿಸಿ ತನಗಾಗಿ ಕಾಯುತ್ತಾ ಕೂರುತ್ತದೆ. ಅದಕ್ಕೇ ಪೇಜರ್‌ನ ಕೋಡ್, ಸ್ಟಾಕ್, ಹೀಪ್ ಎಲ್ಲ ಮೊದಲೇ ಮ್ಯಾಪ್ ಆಗಿ ಗಟ್ಟಿಯಾಗಿ ಕೂತಿರಬೇಕು. ಇದು ಎಲ್ಲರಿಗೂ ಬೇಗ ಹೊಳೆಯುತ್ತದೆ. ಹೊಳೆಯದೇ ಇರುವುದು ಇದು: ಮೆಮೊರಿ ಮುಗಿಯುತ್ತಾ ಬಂದಿದೆ, ಪೇಜರ್ ಒಂದು ಪೇಜನ್ನು ಡಿಸ್ಕ್‌ಗೆ ಬರೆದು ಜಾಗ ಮಾಡಲು ಹೊರಟಿದೆ. ಡಿಸ್ಕ್ ಡ್ರೈವರ್ ಕೂಡ ಯೂಸರ್ ಮೋಡ್ ಪ್ರೊಸೆಸ್. ಅದಕ್ಕೊಂದು ಬಫರ್ ಬೇಕು, ಪೇಜರ್ ಹತ್ತಿರ ಮೆಮೊರಿ ಕೇಳುತ್ತದೆ. ಪೇಜರ್ ಡ್ರೈವರ್‌ಗೆ ಕಾಯುತ್ತಿದೆ, ಡ್ರೈವರ್ ಪೇಜರ್‌ಗೆ ಕಾಯುತ್ತಿದೆ. ಟೆಸ್ಟ್‌ನಲ್ಲಿ ಇದು ಬರುವುದಿಲ್ಲ, ಡೆಮೊ ದಿನ ಬರುತ್ತದೆ. ಜಾಗ ಮಾಡುವ ದಾರಿಯಲ್ಲಿ ಬರುವ ಪ್ರತಿ ಪ್ರೊಸೆಸ್‌ಗೂ ಬೇಕಾದ ಮೆಮೊರಿಯನ್ನು ಶುರುವಿನಲ್ಲೇ ಕೊಟ್ಟಿಡಬೇಕು.

ಪೇಜರ್ ಉತ್ತರವನ್ನೇ ಕೊಡದಿದ್ದರೆ? ಥ್ರೆಡ್ ತಾನೇ ಆರಿಸಿಕೊಂಡ ಪೇಜರ್ ಆದರೆ ಅದರ ಹಣೆಬರಹ. ಆದರೆ ಸಂದೇಶ ನಕಲು ಮಾಡುತ್ತಿರುವಾಗ ನಡುವೆ ಫಾಲ್ಟ್ ಆದರೆ ಕಷ್ಟ. ಆಗ ಒಬ್ಬನ ಪೇಜರ್ ಸತಾಯಿಸಿದರೆ ಇನ್ನೊಬ್ಬ ಸರ್ವರ್ ಸಿಕ್ಕಿಕೊಳ್ಳುತ್ತಾನೆ. ಹಳೆಯ ಎಲ್4ನಲ್ಲಿ ಉದ್ದ ಸಂದೇಶಗಳಿಗೆ ಇದಕ್ಕಾಗಿಯೇ ಟೈಮ್‌ಔಟ್ ಇಟ್ಟಿದ್ದರು. ಎಸ್‌ಇಎಲ್4 ಉದ್ದ ಸಂದೇಶವನ್ನೇ ಕೈಬಿಟ್ಟಿತು. ರಿಜಿಸ್ಟರ್ ಮತ್ತು ಮೊದಲೇ ಮ್ಯಾಪ್ ಆದ ಒಂದು ಚಿಕ್ಕ ಬಫರ್, ಅಷ್ಟರಲ್ಲೇ ಸಂದೇಶ ಮುಗಿಯಬೇಕು. ನೀವೂ ಅದನ್ನೇ ಅನುಸರಿಸಿ.

ಪೇಜ್ ಟೇಬಲ್‌ಗಳಿಗೆ ಬೇಕಾದ ಮೆಮೊರಿ ಯಾರ ಲೆಕ್ಕದಿಂದ ಬರುತ್ತದೆ ಅನ್ನುವುದನ್ನೂ ಯೋಚಿಸಿ. ಕರ್ನೆಲ್ ತನ್ನ ಹೀಪ್‌ನಿಂದ ಕೊಡುತ್ತಿದ್ದರೆ, ಯಾವುದೋ ಪ್ರೊಸೆಸ್ 2 ಎಂಬಿಗೊಂದರಂತೆ ಪೇಜ್ ಮುಟ್ಟುತ್ತಾ ಹೋಗಿ ಕರ್ನೆಲ್ ಹೀಪನ್ನೇ ಬರಿದು ಮಾಡಬಹುದು. ಎಸ್‌ಇಎಲ್4ನಲ್ಲಿ ಬೂಟ್ ಆದ ಮೇಲೆ ಕರ್ನೆಲ್ ಹೀಪ್ ಎಂಬುದೇ ಇಲ್ಲ. ಪೇಜ್ ಟೇಬಲ್‌ಗೂ ಮೆಮೊರಿಯನ್ನು ಯೂಸರ್ ಮೋಡ್‌ನವರೇ ಕೊಡಬೇಕು. ಬರೆಯುವಾಗ ಕಿರಿಕಿರಿ ಅನಿಸುತ್ತದೆ, ನಿಜ. ಆದರೆ ಯಾರು ಎಷ್ಟು ತಿಂದರು ಎಂಬ ಲೆಕ್ಕ ಪಕ್ಕಾ ಇರುತ್ತದೆ. ಕೇಂಬ್ರಿಜ್‌ನ ನೆಮೆಸಿಸ್ ವ್ಯವಸ್ಥೆ 1990ರ ದಶಕದಲ್ಲಿ ಇದನ್ನು ಇನ್ನೊಂದು ದಿಕ್ಕಿನಿಂದ ನೋಡಿತ್ತು. ಎಲ್ಲರಿಗೂ ಒಂದೇ ಪೇಜರ್ ಇದ್ದರೆ ಒಬ್ಬನ ಫಾಲ್ಟ್‌ಗಳಿಂದ ಇನ್ನೊಬ್ಬನ ವಿಡಿಯೊ ತೊದಲುತ್ತದೆ. ಆದ್ದರಿಂದ ಪ್ರತಿ ಅಪ್ಲಿಕೇಶನ್ ತನ್ನ ಪಾಲಿನ ಫ್ರೇಮ್‌ಗಳಲ್ಲಿ ತನ್ನ ಫಾಲ್ಟನ್ನು ತಾನೇ ನೋಡಿಕೊಳ್ಳಲಿ ಎಂದರು.

ಯೂಸರ್ ಮೋಡ್ ಪೇಜಿಂಗ್ ಬರೀ ಪುಸ್ತಕದ ಬದನೆಕಾಯಿ ಎಂದು ಯಾರಾದರೂ ಹೇಳಿದರೆ ಲಿನಕ್ಸ್‌ನ ಯೂಸರ್‌ಫಾಲ್ಟ್‌ಎಫ್‌ಡಿ (ಫಾಲ್ಟನ್ನು ಯೂಸರ್ ಮೋಡ್ ಪ್ರೋಗ್ರಾಂಗೆ ಒಪ್ಪಿಸುವ ಸೌಲಭ್ಯ) ತೋರಿಸಿ. 2015ರಲ್ಲಿ 4.3ನೇ ಆವೃತ್ತಿಗೆ ಅದು ಸೇರಿತು. ವರ್ಚುವಲ್ ಮಷೀನನ್ನು ಓಡುತ್ತಿರುವಾಗಲೇ ಇನ್ನೊಂದು ಯಂತ್ರಕ್ಕೆ ಸಾಗಿಸುವಾಗ, ಇನ್ನೂ ಬಾರದ ಪೇಜನ್ನು ನೆಟ್‌ವರ್ಕ್ ಮೇಲಿಂದ ತರಿಸಲು ಕ್ಯೂಎಮು ಅದನ್ನು ಬಳಸುತ್ತದೆ. ಪೇಜ್ ಎಲ್ಲಿಂದ ಬರಬೇಕು ಅನ್ನುವುದು ಕರ್ನೆಲ್‌ಗೆ ಗೊತ್ತಿಲ್ಲದಾಗ, ಎಲ್ಲವನ್ನೂ ಒಳಗೇ ಇಟ್ಟುಕೊಂಡ ಮೊನೊಲಿಥಿಕ್ ಕರ್ನೆಲ್ಲೂ ಹೊರಗಿನವರನ್ನೇ ಕೇಳುತ್ತದೆ.

ಈಗ ಸ್ವಾಪ್. ಬೇಡ. ಸ್ವಾಪ್ ಹಾಕಿದ ಕೂಡಲೇ ಯಾವ ಪೇಜನ್ನು ಹೊರಗೆ ಹಾಕಬೇಕು ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಯಾವ ಪೇಜ್ ಇತ್ತೀಚೆಗೆ ಬಳಕೆಯಾಗಿದೆ ಎಂದು ಗೊತ್ತಿರಬೇಕು. ಆ ಸುಳಿವು ಪೇಜ್ ಟೇಬಲ್‌ನ ಆಕ್ಸೆಸ್ಡ್ (ಮುಟ್ಟಿದೆ) ಮತ್ತು ಡರ್ಟಿ (ಬರೆದಿದೆ) ಬಿಟ್‌ಗಳಲ್ಲಿದೆ. ಪೇಜ್ ಟೇಬಲ್ ಕರ್ನೆಲ್ ಒಳಗಿದೆ, ತೀರ್ಮಾನ ಮಾಡಬೇಕಾದವನು ಹೊರಗಿದ್ದಾನೆ. ಅವನ್ನು ಓದಿ ಅಳಿಸುವ ಸಿಸ್ಟಂ ಕಾಲ್ ಕೊಡಬೇಕು, ಇಲ್ಲವೇ ಪೇಜರ್ ಬೇಕೆಂತಲೇ ಪೇಜ್‌ಗಳನ್ನು ಅನ್‌ಮ್ಯಾಪ್ ಮಾಡಿ ಯಾವುದಕ್ಕೆ ಫಾಲ್ಟ್ ಬರುತ್ತದೆ ಎಂದು ಕಾದು ನೋಡಬೇಕು. ಎರಡನೆಯ ದಾರಿ ಹಿಡಿದರೆ ನೀವು ಕಷ್ಟಪಟ್ಟು ಕಡಿಮೆ ಮಾಡಿದ ಫಾಲ್ಟ್‌ಗಳೆಲ್ಲ ಹಿಂಬಾಗಿಲಿನಿಂದ ಬರುತ್ತವೆ. ಇದರ ಜೊತೆಗೆ ಮೇಲೆ ಹೇಳಿದ ಡ್ರೈವರ್ ಡೆಡ್‌ಲಾಕ್ ಬೇರೆ. ಒಂದು ಸೆಮಿಸ್ಟರ್‌ನಲ್ಲಿ ಮುಗಿಯುವ ಕೆಲಸ ಅಲ್ಲ. ಬದಲಿಗೆ ಓದಲು ಮಾತ್ರ ಬರುವ ಫೈಲ್ ಪೇಜ್‌ಗಳನ್ನು ಬೇಕಾದಾಗ ತರುವುದು, ಮೆಮೊರಿ ಸಾಲದಾದಾಗ ಬಿಟ್ಟುಬಿಡುವುದು, ಇಷ್ಟು ಮಾಡಿ. ಬಿಡುವಾಗ ಡಿಸ್ಕ್‌ಗೆ ಏನೂ ಬರೆಯಬೇಕಿಲ್ಲ, ಹಾಗಾಗಿ ಆ ಡೆಡ್‌ಲಾಕ್‌ನ ದಾರಿಯೇ ಇಲ್ಲ.

ರಿಪೋರ್ಟ್‌ನಲ್ಲಿ ಮೂರು ಓಟದ ಅಂಕಿ ಕೊಡಿ: ಈಗಿರುವ ಹಾಗೆ, ಆ ಮೂವರು ಕಳ್ಳರನ್ನು ಹಿಡಿದ ಮೇಲೆ, 16 ಪೇಜ್ ಒಟ್ಟಿಗೆ ಕೊಟ್ಟ ಮೇಲೆ. ಪ್ರತಿಯೊಂದರಲ್ಲೂ ಒಟ್ಟು ಸಮಯದ ಪಕ್ಕದಲ್ಲೇ ಫಾಲ್ಟ್‌ಗಳ ಸಂಖ್ಯೆ ಇರಲಿ. ಪೇಜರ್ ಒಳಗೆ ಬರಬೇಕಾ ಬೇಡವಾ ಎಂದು ಗೈಡ್ ಜೊತೆ ಮಾತಾಡುವುದು ಆ ಕಾಗದ ಕೈಯಲ್ಲಿದ್ದಾಗ ಇರಲಿ.